ನಾಲ್ಕು ನಟ್ಟಿನ ಕೆಲಸ

ಕೂಸಪ್ಪ ಗೌಡ ಪುತ್ತೂರಿನ ಒಂದು ಅಡಿಕೆ ಮಂಡಿಯಲ್ಲಿ ತಕ್ಕಡಿಯ ಮುಂದೆ ಹದಿನಾಲ್ಕು ವರ್ಷ ನಿಂತವನು. ಗೋಣಿ ನೋಡಿಯೇ ತೂಕ ಹೇಳುತ್ತಿದ್ದ. ಅವನು ಹೇಳಿದ್ದಕ್ಕೂ ತಕ್ಕಡಿ ಹೇಳಿದ್ದಕ್ಕೂ ಅರ್ಧ ರಾತಲು ವ್ಯತ್ಯಾಸ ಬಂದರೆ ಧಣಿಗಳು ತಕ್ಕಡಿಯನ್ನೇ ಒರೆಸಿ ಇನ್ನೊಮ್ಮೆ ತೂಗಿಸುತ್ತಿದ್ದರು. ಇಷ್ಟು ಹೆಸರು ಬಂದ ಮೇಲೆ ಮನುಷ್ಯನ ತಲೆ ನೆಟ್ಟಗಿರುವುದು ಕಷ್ಟ. ಲೋಕದಲ್ಲಿ ಏನೇ ಕೆಟ್ಟರೂ ಅದು ಎಲ್ಲೋ ತೂಕ ಹೆಚ್ಚು ಕಡಿಮೆಯಾದದ್ದರಿಂದ ಕೆಟ್ಟಿತು ಎಂದು ಕೂಸಪ್ಪ ನಂಬಿಬಿಟ್ಟಿದ್ದ.

ಅವನ ಮನೆ ಬೆಟ್ಟಂಪಾಡಿಯಲ್ಲಿ. ಮಂಡಿಗೆ ಒಂಬತ್ತು ಮೈಲಿ. ಬೆಳಿಗ್ಗೆ ಒಂಬತ್ತು, ಸಂಜೆ ಒಂಬತ್ತು, ಭಾನುವಾರ ಬಿಟ್ಟು ದಿನಾ ಸೈಕಲಿನಲ್ಲಿ. ಸಂಟ್ಯಾರಿನ ತನಕ ಮಣ್ಣಿನ ದಾರಿ, ಅದರಲ್ಲಿ ಮೂರು ಏರು. ಆಮೇಲೆ ಲಾರಿ ಓಡುವ ದೊಡ್ಡ ರಸ್ತೆ. ಬಸ್ಸು ದಿನಕ್ಕೆ ಎರಡು ಸಲ, ಅದೂ ತನಗೆ ಮನಸ್ಸು ಬಂದ ಹೊತ್ತಿಗೆ. ಕೂಸಪ್ಪನ ಸೈಕಲ್ ಯಾವುದೋ ತೋಟದ ದೊರೆ ಬಿಟ್ಟುಹೋದ ವಿಲಾಯತಿ ಮಾಲು. ಎಮ್ಮೆಯ ಹಾಗೆ ಗಟ್ಟಿ, ಎಮ್ಮೆಯ ಹಾಗೆ ನಿಧಾನ. ಒಂಬತ್ತು ಮೈಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆ ಇಪ್ಪತ್ತು ನಿಮಿಷದ ಮೇಲೆ ಅವನಿಗೆ ಹಗೆ ಹುಟ್ಟಿದ್ದು ಯಾಕೆಂದು ಮೊದಲು ಹೇಳಬೇಕು.

ನಯಾಪೈಸೆ ಬರುವುದಕ್ಕೆ ಮುಂಚಿನ ವರ್ಷ ಅವನ ಹೆಂಡತಿ ಪೂವಕ್ಕನಿಗೆ ಚೊಚ್ಚಲು. ಮಧ್ಯಾಹ್ನ ಬೇನೆ ಶುರುವಾಯಿತು. ಆ ಸುತ್ತಿನಲ್ಲಿ ಹೆರಿಗೆಗೆ ಕೈಗುಣದ ಹೆಂಗಸೆಂದರೆ ಪಾಣಾಜೆ ದಾರಿಯ ಆಯಿಶಮ್ಮ. ಮೂರೂವರೆ ಮೈಲಿ ದೂರದಲ್ಲಿ ಮನೆ. ಬ್ಯಾರಿಗಳ ಮನೆಯೋ ಗೌಡರ ಮನೆಯೋ ಭಟ್ಟರ ಹಿತ್ತಿಲೋ, ಕರೆದಲ್ಲಿಗೆ ಬರುವವರು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಂಡಿಗೆ ಸುದ್ದಿ ಹೋಗಿ, ಕೂಸಪ್ಪ ತುಳಿದು ತುಳಿದು ಮನೆಗೆ ಬಂದು, ಅಲ್ಲಿಂದ ಹೋಗಿ ಆಯಿಶಮ್ಮನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಬರುವಾಗ ಎಲ್ಲ ಮುಗಿದಿತ್ತು. ಗಂಡು ಮಗು. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಆಯಿಶಮ್ಮ ಮಗುವಿನ ಮೈ ಮುಟ್ಟಿ ನೋಡಿ, "ಇನ್ನೂ ಬಿಸಿ ಉಂಟು. ಹತ್ತು ನಿಮಿಷ ಮೊದಲು ಬಂದಿದ್ರೆ ಬಿಡಿಸ್ತಿದ್ದೆ" ಎಂದರು.

ಅವರು ದುಃಖದಲ್ಲಿ ಹೇಳಿದ ಮಾತು. ಕೂಸಪ್ಪನೋ ಅದನ್ನು ಲೆಕ್ಕವಾಗಿ ಹಿಡಿದುಕೊಂಡ. ಹತ್ತು ನಿಮಿಷ. ಒಂದು ಗಂಟೆ ಇಪ್ಪತ್ತು ಒಂದು ಗಂಟೆ ಹತ್ತು ಆಗಿದ್ದರೆ ತನ್ನ ಮಗ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ. ಹಗಲು ತಕ್ಕಡಿಯ ಮುಂದೆ ನಿಂತರೂ ಅದೇ, ಸಂಜೆ ಉಣ್ಣಲು ಕೂತರೂ ಅದೇ.

ಮರುವರ್ಷ ದೀಪಾವಳಿಯ ಹೊತ್ತಿಗೆ ಪೂವಕ್ಕನಿಗೆ ಮತ್ತೆ ಐದು ತಿಂಗಳು. ಕೂಸಪ್ಪ ಸೈಕಲನ್ನು ಮಂಡಿಯ ತಕ್ಕಡಿಗೆ ನೇತುಹಾಕಿದ. ಐವತ್ತೊಂದು ರಾತಲು ಬಂತು.

"ಅದಕ್ಕೇ!" ಎಂದ. ಕಳ್ಳ ಸಿಕ್ಕಿಬಿದ್ದ ಹಾಗೆ.

ಮಂಡಿಯ ಎದುರಿಗೇ ಪೋಕರ್ ಬ್ಯಾರಿಯ ಸೈಕಲ್ ಅಂಗಡಿ. ಪೋಕರ್ ತೆಳ್ಳಗಿನ ಮನುಷ್ಯ; ಕಿವಿಯಲ್ಲಿ ಬೀಡಿ, ಬಾಯಲ್ಲಿ ತಮಾಷೆ. ಇಬ್ಬರೂ ಹಳೆಯ ಸ್ನೇಹಿತರು, ದಿನಾ ಒಂದೇ ಗ್ಲಾಸಿನ ಚಾವನ್ನು ಎರಡು ಮಾಡಿ ಕುಡಿಯುವವರು. ಕೂಸಪ್ಪ ಸೈಕಲ್ ತಂದು ನಿಲ್ಲಿಸಿ, ಬೇಡದ್ದೆಲ್ಲ ಕಳಚಿಕೊಡು ಎಂದಾಗ ಪೋಕರ್ ಅವನ ಮುಖ ನೋಡಿದ.

"ಬೇಡದ್ದು ಅಂದ್ರೆ ಎಂತ ಗೌಡ್ರೆ? ಸೈಕಲಿನಲ್ಲಿ ಬೇಡದ್ದು ಅಂತ ಒಂದೇ ಇರುದು, ಅದು ಏರು. ಅದನ್ನು ಕಳಚಲಿಕ್ಕೆ ನನ್ನಲ್ಲಿ ಸ್ಪಾನರ್ ಇಲ್ಲ."

"ತಮಾಷೆ ಬೇಡ. ಚೈನ್ ಕವರ್ ತೆಗಿ. ಮಡ್‌ಗಾರ್ಡ್ ತೆಗಿ. ಸ್ಟ್ಯಾಂಡ್, ಡೈನಮೋ, ಬೆಲ್ಲು, ಬೀಗ. ಕ್ಯಾರಿಯರ್."

"ಕ್ಯಾರಿಯರ್ ಯಾಕೆ?"

"ಮೂರೂಕಾಲು ರಾತಲು ಉಂಟು ಅದು ಒಂದೇ."

"ಭಾರ ಇರುದು ಸೈಕಲಿನದ್ದಲ್ಲ ಮಾರಾಯ್ರೆ, ಮೇಲೆ ಕೂತವನದ್ದು. ನೀವು ಎರಡು ದಿನ ಗಂಜಿ ಬಿಟ್ರೆ ಅಷ್ಟೇ ಆಯ್ತು."

ಗಂಜಿ ಬಿಡುವುದನ್ನೂ ಕೂಸಪ್ಪ ಆಮೇಲೆ ಮಾಡಿದ. ಅವನಿಗೆ ತಮಾಷೆ ಮಾಡುವಾಗ ಜಾಗ್ರತೆ ಬೇಕು. ಅವತ್ತು ಎಲ್ಲ ಕಳಚಿದ ಮೇಲೆ ಸೈಕಲ್ ಮೂವತ್ತೆಂಟು ರಾತಲಿಗೆ ಇಳಿಯಿತು. ಕಳಚಿದ ಸಾಮಾನನ್ನು ಪೋಕರ್ ಒಂದು ಡಬ್ಬಕ್ಕೆ ತುಂಬಿಸಿದ. ಕ್ಯಾರಿಯರನ್ನು ಮಾತ್ರ ಅಂಗಡಿಯ ಬಾಗಿಲಿನ ಮೊಳೆಗೆ ನೇತುಹಾಕಿ, "ಇದು ಇಲ್ಲಿ ಉಂಟು. ಬೇಕಾದ ದಿನ ಬನ್ನಿ. ನಾಲ್ಕು ನಟ್ಟಿನ ಕೆಲಸ" ಎಂದ.

ಮನೆಗೆ ಬಂದ ಬೋಳು ಸೈಕಲನ್ನು ನೋಡಿ ಪೂವಕ್ಕ ಮೊದಲು ನಕ್ಕಳು. ಅವಳು ನಗುವ ಹೆಂಗಸು. ಮಗು ಹೋದ ಮೇಲೆ ಆರು ತಿಂಗಳು ನಗದೆ ಇದ್ದು, ಆಮೇಲೆ ತಾನೇ ಹಟಹಿಡಿದು ಮತ್ತೆ ನಗಲು ಕಲಿತವಳು.

"ಇದೆಂತ, ಗರಿ ಕಿತ್ತ ಕೋಳಿ?" ಎಂದಳು. ಸುತ್ತು ಬಂದು ನೋಡಿ ನಗು ನಿಲ್ಲಿಸಿದಳು. "ಕ್ಯಾರಿಯರ್ ಎಲ್ಲಿ? ಆಯಿಶಮ್ಮನನ್ನು ಎಂತದ್ರಲ್ಲಿ ತರುದು?"

ಕೂಸಪ್ಪ ಅದನ್ನು ಯೋಚಿಸಿಯೇ ಇದ್ದ, ಅವನನ್ನು ಪೂರ್ತಿ ದಡ್ಡನೆನ್ನಲಾಗದು. ಈ ಸಲ ಆಯಿಶಮ್ಮ ದಿನ ತುಂಬುವ ಹದಿನೈದು ದಿನ ಮೊದಲೇ ಬಂದು ಮನೆಯಲ್ಲೇ ಇರುವುದೆಂದು ಮಾತಾಗಿತ್ತು. ಅವರನ್ನು ಬಸ್ಸಿನಲ್ಲಿ ಕರೆತರುವುದು. ಹಾಗಾಗಿ ಕ್ಯಾರಿಯರಿನ ಅಗತ್ಯ ಇಲ್ಲ. ಅಗತ್ಯ ಇರುವುದು ತಾನು ಪುತ್ತೂರಿನಿಂದ ಬೇಗ ತಲುಪುವುದು. ಇದೆಲ್ಲ ಅವಳಿಗೆ ಬಿಡಿಸಿ ಹೇಳಿದ.

"ಮತ್ತೆ ಮೊದಲೇ ಬೇನೆ ಬಂದ್ರೆ?"

"ಎಂಟು ತಿಂಗಳು ಆಗುವಾಗ ಪುನಃ ಸಿಕ್ಕಿಸ್ತೇನೆ. ನಾಲ್ಕು ನಟ್ಟಿನ ಕೆಲಸ ಅಲ್ವಾ?"

ಗಂಡ ತನಗಾಗಿಯೇ ಇಷ್ಟು ಒದ್ದಾಡುವಾಗ ಹೆಂಡತಿ ಎಷ್ಟೆಂದು ಅಡ್ಡ ಮಾತಾಡುತ್ತಾಳೆ?

ಮೊದಲ ವಾರ ಬರೀ ಮೂರು ನಿಮಿಷ ಉಳಿಯಿತು. ಹದಿಮೂರು ರಾತಲು ಕಳೆದು ಮೂರು ನಿಮಿಷ! ಕೂಸಪ್ಪನಿಗೆ ಇದು ಅನ್ಯಾಯ ಅನ್ನಿಸಿತು. ತಪ್ಪು ತನ್ನ ಮೈಯದ್ದೇ ಇರಬೇಕೆಂದು ಬೆಳಗಿನ ಗಂಜಿ ಅರ್ಧ ಮಾಡಿದ. ಬುತ್ತಿಯ ತಪ್ಪಲೆ ಬಿಟ್ಟು ಬಾಳೆಲೆಯಲ್ಲಿ ಕಟ್ಟಿಸಿಕೊಂಡ. ಚಪ್ಪಲಿ ಬಿಟ್ಟ. ಕೊಡೆ ಬಿಟ್ಟ. ಕೈಗಡಿಯಾರ ಒಂದನ್ನು ಬಿಡಲಿಲ್ಲ, ಅದಿಲ್ಲದೆ ಉಳಿದದ್ದು ಗೊತ್ತಾಗುವುದು ಹೇಗೆ? ಏರಿನಲ್ಲಿ ಮೊದಲೆಲ್ಲ ಇಳಿದು ದೂಡುತ್ತಿದ್ದವನು ಈಗ ಎದ್ದು ನಿಂತು ತುಳಿದ. ಸಂಟ್ಯಾರಿನ ಕಟ್ಟೆಯಲ್ಲಿ ಪರಿಚಯದವರು ಕೈ ಎತ್ತಿದರೆ ನಿಲ್ಲುವುದನ್ನು ಬಿಟ್ಟ. ಡಿಸೆಂಬರ್ ಮುಗಿಯುವಾಗ ಗಡಿಯಾರ ಒಂದು ಗಂಟೆ ಹತ್ತು ನಿಮಿಷ ಎಂದಿತು. ಕೂಸಪ್ಪ ಮಂಡಿಯಲ್ಲಿ ಎಲ್ಲರಿಗೂ ಚಾ ಕೊಡಿಸಿದ. ಬೆಟ್ಟಂಪಾಡಿಯಲ್ಲಿ ಅವನ ಸೈಕಲಿಗೆ 'ಮೇಲ್ ಬಸ್ಸು' ಎಂದು ಹೆಸರು ಬಿತ್ತು. ಬಸ್ಸಿಗಿಂತ ಮೊದಲು ಬರುತ್ತಾನೆ ಎಂದು ಜನ ಕಣ್ಣರಳಿಸಿ ಹೇಳುತ್ತಿದ್ದರು. ಆ ಬಸ್ಸಿಗಿಂತ ಮೊದಲು ಬರುವುದು ದೊಡ್ಡ ಸಂಗತಿಯಲ್ಲ, ಆ ಮಾತು ಬೇರೆ.

ಜನವರಿಯ ಒಂದು ಸಂಜೆ ಅವನು ಚಕ್ರಕ್ಕೆ ಗಾಳಿ ಹಾಕಿಸಿಕೊಂಡು ಹೊರಟ. ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ನಿಲ್ಲಿಸಿದಾಗ ಪೋಕರ್ ಕೇಳಿದ:

"ನಿನ್ನೆ ಎಷ್ಟು?"

"ಒಂದು ಗಂಟೆ ಹತ್ತು. ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲ. ಇವತ್ತು ಬೆಳಿಗ್ಗೆಯೂ ಅದೇ."

ಪೋಕರ್ ಪಂಕ್ಚರಿಗೆ ಬೇಕೆಂದು ಕಳಚದೆ ಬಿಟ್ಟಿದ್ದ, ಸೀಟಿನ ಹಿಂದಿನ ಸಾಮಾನಿನ ಚೀಲದ ಬಾರು ಬಿಚ್ಚಿದ. ಒಳಗೆ ಕೈಹಾಕಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಕಬ್ಬಿಣದ ಗುಂಡನ್ನು ಹೊರಗೆ ತೆಗೆದ. ಮಂಡಿಯ ಐದು ರಾತಲಿನ ತೂಕದ ಗುಂಡು. ಕೂಸಪ್ಪ ದಿನಕ್ಕೆ ನೂರು ಸಲ ಕೈಯಲ್ಲಿ ಎತ್ತಿ ಇಡುವ ಗುಂಡು. ಪೋಕರ್ ಅದನ್ನು ಮಂಡಿಯ ಹಮಾಲರ ಹತ್ತಿರ ಕೇಳಿ ತಂದು ಹಿಂದಿನ ಸಂಜೆ ಗಾಳಿ ಹಾಕುವಾಗ ಇಟ್ಟಿದ್ದ.

"ಐದು ರಾತಲು ಹೊತ್ತುಕೊಂಡು ಹೋಗಿ ಬಂದಿದ್ದೀರಿ ಗೌಡ್ರೆ. ಅದೇ ಒಂದು ಗಂಟೆ ಹತ್ತು ನಿಮಿಷ. ಗೋಣಿ ನೋಡಿ ತೂಕ ಹೇಳುವವರಿಗೆ ತಮ್ಮ ಅಂಡಿನ ಕೆಳಗಿನ ತೂಕ ಗೊತ್ತಾಗ್ಲಿಲ್ಲ!"

ಅಂಗಡಿಯಲ್ಲಿ ಕೂತಿದ್ದ ಐದಾರು ಜನ ಗೊಳ್ಳೆಂದು ನಕ್ಕರು. ಮಂಡಿಯ ಹಮಾಲರೂ ಬಾಗಿಲಿಗೆ ಬಂದು ನಕ್ಕರು. ಪೋಕರ್ ನಗಲಿಲ್ಲ. ಅವನು ನಿಜಕ್ಕೂ ಹೇಳಬೇಕೆಂದಿದ್ದದ್ದು ಆಮೇಲಿನ ಮಾತು.

"ಸೈಕಲ್ ಹಗುರ ಆದದ್ದಕ್ಕೆ ನೀವು ಬೇಗ ಹೋಗುದಲ್ಲ. ನಿಮಗೆ ಹೆದರಿಕೆ. ಹೆದರಿದವ ಎತ್ತಿನ ಗಾಡಿಯನ್ನೂ ಓಡಿಸ್ತಾನೆ. ಕ್ಯಾರಿಯರ್ ಇದ್ರೂ ಅಷ್ಟೇ ಬೇಗ ಹೋಗ್ತೀರಿ. ಈಗ ಸಿಕ್ಕಿಸಿ ಕೊಡ್ತೇನೆ, ಮನೆಯಲ್ಲಿ ಬಸುರಿ ಇರುವಾಗ ಅದಿಲ್ಲದೆ ಇರಬಾರದು."

ಸ್ನೇಹಿತ ಹೇಳಬಹುದಾದ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ನಗುವ ಜನರ ಮುಂದೆ ಹೇಳಬಾರದಿತ್ತು. ಕೂಸಪ್ಪನ ಕಿವಿ ಕೆಂಪಾಯಿತು. ಹದಿನಾಲ್ಕು ವರ್ಷದ ಹೆಸರನ್ನು ಒಂದು ಗುಂಡು ಮುಳುಗಿಸಿತ್ತು. ಅವನು ಆ ಗುಂಡನ್ನು ಕಿತ್ತುಕೊಂಡು ಮಂಡಿಗೆ ಹೋದವನು ಮತ್ತೆ ಪೋಕರನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಗಾಳಿ ಬೇಕಾದರೆ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಅಂಗಡಿಗೆ ಹೋದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸಿದರೆ ಆಗುವುದೇ ಹೀಗೆ.

ಫೆಬ್ರವರಿ ಬಂತು. ಪೂವಕ್ಕನಿಗೆ ಎಂಟು ತುಂಬಿತು.

"ಕ್ಯಾರಿಯರ್?" ಎಂದಳು ಒಂದು ಬೆಳಿಗ್ಗೆ.

"ನಾಳೆ."

"ನಿನ್ನೆಯೂ ನಾಳೆ ಅಂದಿದ್ದೀರಿ."

"ಪೋಕರನ ಅಂಗಡಿಯಲ್ಲಿ ಉಂಟು."

"ಪೋಕರನ ಅಂಗಡಿ ಅರಬ್ಬಿ ಸಮುದ್ರದ ಆಚೆ ಉಂಟಾ? ಮಂಡಿಯ ಎದುರು ಅಲ್ವಾ?"

ಕೂಸಪ್ಪ ಸೈಕಲ್ ಹತ್ತಿ ಹೊರಟ. ಮೊಳೆಗೆ ನೇತುಹಾಕಿದ ಕ್ಯಾರಿಯರ್ ಅವನಿಗೆ ದಿನಾ ತಕ್ಕಡಿಯ ಹತ್ತಿರದಿಂದಲೇ ಕಾಣುತ್ತಿತ್ತು. ಪೋಕರ್ ಆಗಾಗ ಅದರ ಧೂಳು ಒರೆಸುವುದೂ ಕಾಣುತ್ತಿತ್ತು. ಹೋಗಿ ಕೇಳಿದರೆ ಸೋತ ಹಾಗೆ. ಆಯಿಶಮ್ಮ ಬರುವುದಕ್ಕೆ ಇನ್ನು ಒಂದೇ ವಾರ ಉಂಟಲ್ಲ, ಆಮೇಲೆ ಯಾವ ಕ್ಯಾರಿಯರ್, ಯಾವ ಪೋಕರ್ ಎಂದು ತನಗೆ ತಾನೇ ಹೇಳಿಕೊಂಡ.

ಆ ಒಂದು ವಾರ ಪೂವಕ್ಕನಿಗೆ ಸಿಗಲಿಲ್ಲ. ಮಂಗಳವಾರ, ಅವನು ಮಂಡಿಗೆ ಹೋದ ಮೇಲೆ, ಬಾವಿಕಟ್ಟೆಯಲ್ಲಿ ಕೊಡ ಎತ್ತುವಾಗ ನೀರು ಒಡೆಯಿತು. ಹನ್ನೆರಡು ಗಂಟೆಗೆ ಬೇನೆ. ಪಕ್ಕದ ಮನೆಯ ಮುದುಕಿ ಈಶ್ವರಿಯಮ್ಮ ಓಡಿಬಂದರು. ಅವರ ಮನೆಯಲ್ಲಿ ಆಳು ಬೋಜಪ್ಪ ಇದ್ದ. "ನಾನು ನಡೆದು ಹೋಗಿ ಆಯಿಶಮ್ಮನನ್ನು ಕರ್ಕೊಂಡು ಬರ್ತೇನೆ" ಎಂದು ಹೊರಟೇ ನಿಂತಿದ್ದ.

"ನೀನು ನಡೆದು ಹೋಗಿ ಅವರು ನಡೆದು ಬಂದು ಯಾವಾಗ ಆಗುದು?" ಎಂದರು ಈಶ್ವರಿಯಮ್ಮ. "ಕೂಸಪ್ಪನ ಸೈಕಲ್ ಮೇಲ್ ಬಸ್ಸಿನ ಹಾಗೆ ಓಡ್ತದೆ. ಒಂದು ಗಂಟೆಯ ಬಸ್ಸಿನಲ್ಲಿ ಅವನಿಗೆ ಹೇಳಿ ಕಳಿಸು. ಕೂರಿಸಿಕೊಂಡು ಬರ್ತಾನೆ."

ಬೋಜಪ್ಪ ನಡೆದೇ ಹೋಗಿದ್ದರೆ ಆಯಿಶಮ್ಮ ಮೂರು ಗಂಟೆಯೊಳಗೆ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ಈಶ್ವರಿಯಮ್ಮನನ್ನು ಬೈಯುವ ಹಾಗಿಲ್ಲ. ಸೈಕಲಿನ ಬೆನ್ನಿನಲ್ಲಿ ಏನಿಲ್ಲ ಎಂದು ಅವರು ನೋಡಿದವರೇ ಅಲ್ಲ; ನೋಡಿದ್ದ ಪೂವಕ್ಕ ಒಳಗೆ ಬೇನೆಯಲ್ಲಿದ್ದಳು, ಅಂಗಳದ ಈ ಮಾತು ಅವಳಿಗೆ ಕೇಳಿಸಲಿಲ್ಲ.

ಎರಡು ಗಂಟೆಗೆ ಕಂಡಕ್ಟರ್ ಮಂಡಿಯ ಬಾಗಿಲಿನಲ್ಲಿ ನಿಂತು ಕೂಗಿ ಹೇಳಿದ. ಕೂಸಪ್ಪ ಕೈಯಲ್ಲಿದ್ದ ಗುಂಡನ್ನು ತಕ್ಕಡಿಯಲ್ಲಿ ಹಾಗೇ ಬಿಟ್ಟು ಓಡಿ ಸೈಕಲ್ ಹತ್ತಿದ. ಎದುರಿನ ಅಂಗಡಿಗೂ ಕೂಗು ಕೇಳಿತ್ತು. ಪೋಕರ್ ಮೊಳೆಯಿಂದ ಕ್ಯಾರಿಯರ್ ಕಿತ್ತು, ಸ್ಪಾನರನ್ನು ಬಾಯಲ್ಲಿ ಕಚ್ಚಿಕೊಂಡು ರಸ್ತೆಗೆ ಬಂದ. ಸ್ಪಾನರ್ ಉಗುಳಿ ಕೂಗಿದ:

"ಗೌಡ್ರೆ ನಿಲ್ಲಿ! ಐದು ನಿಮಿಷ! ನಾಲ್ಕು ನಟ್ಟು!"

ಕೂಸಪ್ಪ ನೋಡಿದ. ಕಾಲು ಒಂದು ಕ್ಷಣ ನಿಧಾನವೂ ಆಯಿತು. ಐದು ನಿಮಿಷ ಎಂಬ ಮಾತು ಅವನ ತಲೆಯಲ್ಲಿ ಹೋಗಿ ಆ ಹತ್ತು ನಿಮಿಷದ ಪಕ್ಕದಲ್ಲಿ ಕೂತಿತು. ಹತ್ತು ನಿಮಿಷಕ್ಕೆ ಒಂದು ಮಗು ಹೋಗಿದೆ. ಅದರ ಅರ್ಧವನ್ನು ಇಲ್ಲಿ ಸುಮ್ಮನೆ ನಿಂತು ಕಳೆಯುವುದೇ? ಸಿಟ್ಟೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅವನು ಪೋಕರನನ್ನು ದಾಟಿ ಹೋದ. ಪೋಕರ್ ಕ್ಯಾರಿಯರ್ ಎತ್ತಿ ಹಿಡಿದು ನೂರು ಗಜ ಹಿಂದೆ ಓಡಿ ಬಂದು ನಿಂತುಬಿಟ್ಟ.

ಅವತ್ತು ಕೂಸಪ್ಪ ತುಳಿದಷ್ಟು ಆ ರಸ್ತೆಯಲ್ಲಿ ಯಾರೂ ತುಳಿದಿರಲಾರರು. ಏರುಗಳಲ್ಲಿ ಎದೆ ಬಿರಿಯಿತು. ಮನೆಯಂಗಳದಲ್ಲಿ ಇಳಿಯುವಾಗ ಕಣ್ಣಿಗೆ ಕತ್ತಲೆ ಬಂತು, ಆದರೂ ಗಡಿಯಾರ ನೋಡಿದ. ಒಂದು ಗಂಟೆ ಎರಡು ನಿಮಿಷ. ಆ ಹೊತ್ತಿನಲ್ಲೂ ಅವನಿಗೆ ಹೆಮ್ಮೆ ಆಯಿತು. ಈ ಸಲ ಗೆದ್ದೆ ಎಂದುಕೊಂಡ.

ಪೂವಕ್ಕ ಒಳಗಿನಿಂದ ಅವನ ಉಸಿರಿನ ಸದ್ದು ಕೇಳಿ, "ಬಂದ್ರಾ? ಇಷ್ಟು ಬೇಗ?" ಎಂದಳು. ಬೇನೆಯ ನಡುವೆಯೂ ಆ ದನಿಯಲ್ಲಿ ಸಂತೋಷ ಇತ್ತು. "ಹೋಗಿ, ಕರ್ಕೊಂಡು ಬನ್ನಿ. ನನಗೆ ತಡೀಲಿಕ್ಕೆ ಆಗ್ತದೆ."

ಮೂರೂವರೆ ಮೈಲಿ ಹದಿನೇಳು ನಿಮಿಷದಲ್ಲಿ ಹೋದ. ಆಯಿಶಮ್ಮ ಅಂಗಳದಲ್ಲಿ ಹುಣಸೆ ಒಣಗಿಸುತ್ತಿದ್ದರು. ಅರುವತ್ತು ದಾಟಿದ ಹೆಂಗಸು, ಮಂಡಿನೋವು. ಅವನ ಮುಖ ನೋಡಿದ್ದೇ ಒಂದು ಮಾತು ಕೇಳದೆ ಒಳಗೆ ಹೋಗಿ ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು, ಎಣ್ಣೆ ಕತ್ತರಿಗಳ ಗಂಟು ಹಿಡಿದು ಬಂದರು. ನೇರ ಸೈಕಲಿನ ಹಿಂದಕ್ಕೆ ಬಂದು, ಹೋದ ಸಲ ಕೂತ ಹಾಗೆ ಕೂರಲು ಕೈ ಚಾಚಿದರು. ಕೈಗೆ ಏನೂ ಸಿಗಲಿಲ್ಲ.

"ಇದೆಂತ?" ಎಂದರು. "ಕೂರುದೆಲ್ಲಿ?"

ಕೂಸಪ್ಪ ಆ ಖಾಲಿ ಜಾಗವನ್ನು ನೋಡಿದ. ನಾಲ್ಕು ತಿಂಗಳಿನಿಂದ ದಿನಾ ನೋಡಿದ ಜಾಗ. ತನ್ನ ದಾರಿಯನ್ನು ಅಷ್ಟು ಸಲ ಅಳೆದವನು ಹೆಂಡತಿಗೆ ಬೇಕಾದದ್ದು ತನ್ನ ದಾರಿ ಅಲ್ಲ, ಈ ಹೆಂಗಸಿನ ದಾರಿ ಎಂಬುದನ್ನು ತೂಗಿರಲೇ ಇಲ್ಲ.

"ಅದು... ಪುತ್ತೂರಿನಲ್ಲಿ ಉಂಟು" ಎಂದ.

ಊರಿನಲ್ಲಿ ಇದ್ದ ಇನ್ನೊಂದೇ ಸೈಕಲ್ ಆಯಿಶಮ್ಮನ ಅಳಿಯ ಕುಂಞಿ ಮೋನುವಿನದು. ಅವನು ಅದರಲ್ಲಿ ಮೀನು ಹಾಕಿಕೊಂಡು ಬೆಳಿಗ್ಗೆಯೇ ಹೋಗಿದ್ದ. ಉಳಿದದ್ದು ಸೀಟಿಗೂ ಹ್ಯಾಂಡಲಿಗೂ ನಡುವಿನ ಬಾರ್. ಗಂಡಸರು, ಮಕ್ಕಳು ಕೂರುವ ಜಾಗ. ಅಲ್ಲಿ ಕೂತರೆ ತುಳಿಯುವವನ ಎರಡು ತೋಳಿನ ಒಳಗೆ, ಅವನ ಎದೆಗೆ ಒರಗಿ ಕೂರಬೇಕು. ಆ ಊರಿನಲ್ಲಿ ಕಟ್ಟಿಕೊಂಡ ಹೆಂಡತಿಯನ್ನೂ ಹಗಲಿನಲ್ಲಿ ಹಾಗೆ ಕೂರಿಸಿಕೊಂಡು ಹೋಗುವವನಿಲ್ಲ. ಇವರೋ ಬ್ಯಾರಿಗಳ ಮನೆಯ ಹಿರಿಯ ಹೆಂಗಸು. ಪರಗಂಡಸಿನ ಮುಂದೆ ತಲೆಯ ವಸ್ತ್ರ ಒಂದಂಗುಲ ಜಾರಲು ಬಿಡದವರು. ಕೇಳಲು ಕೂಸಪ್ಪನ ಬಾಯಿ ಏಳಲಿಲ್ಲ. ಆಯಿಶಮ್ಮ ಬಾರನ್ನು ನೋಡಿದರು, ಅವನನ್ನು ನೋಡಿದರು. ಅವನು ನೆಲ ನೋಡಿದ.

"ನಡೆಯುವಾ ಹಾಗಾದ್ರೆ" ಎಂದರು.

ನಡೆದರು. ಕೂಸಪ್ಪ ಸೈಕಲನ್ನು ದೂಡಿಕೊಂಡು ಪಕ್ಕದಲ್ಲಿ. ಮೂವತ್ತೆಂಟು ರಾತಲಿನ ಸೈಕಲ್ ಒಂದು ಬೆರಳಿಗೆ ಬರುತ್ತಿತ್ತು, ಅಷ್ಟು ಹಗುರ. ಆಯಿಶಮ್ಮ ಮಂಡಿ ಹಿಡಿದುಕೊಂಡು, ತುಟಿ ಕಚ್ಚಿಕೊಂಡು, ಅವರಿಂದಾದಷ್ಟು ಬೀಸಿ ನಡೆದರು. ನಡುನಡುವೆ ನಿಂತು ಉಸಿರು ತೆಗೆಯುವಾಗ ಮತ್ತೆ ಬಾರಿನ ಕಡೆ ನೋಡುತ್ತಿದ್ದರು. ಕ್ಯಾರಿಯರ್ ಇಲ್ಲದ್ದಕ್ಕೆ ಶಪಿಸುತ್ತಿದ್ದಾರೆ ಎಂದುಕೊಂಡ ಕೂಸಪ್ಪ. ಗಡಿಯಾರ ನೋಡುವ ಧೈರ್ಯ ಬರಲಿಲ್ಲ, ಆದರೂ ನೋಡಿದ. ಬಿಸಿಲು ಇಳಿಯುತ್ತಿತ್ತು. ಆ ದಾರಿಯಲ್ಲಿ ಒಂದು ಎತ್ತಿನ ಗಾಡಿಯೂ ಬರಲಿಲ್ಲ.

ಮನೆಯ ತಿರುವಿಗೆ ಬರುವಾಗ ಮಗುವಿನ ಅಳು ಕೇಳಿತು. ಗಟ್ಟಿ ಅಳು. ಕೂಸಪ್ಪ ಸೈಕಲನ್ನು ಅಲ್ಲೇ ಬೀಳಿಸಿ ಓಡಿದ. ಆಯಿಶಮ್ಮನೂ ಮಂಡಿನೋವು ಮರೆತು ಓಡಿದರು.

ಹೆಣ್ಣು ಮಗು. ನಾಲ್ಕು ಗಂಟೆಗೇ ಹುಟ್ಟಿತ್ತು, ಚೆನ್ನಾಗಿಯೇ ಇತ್ತು. ಆದರೆ ಮಾಸು ಬಿದ್ದಿರಲಿಲ್ಲ. ರಕ್ತ ನಿಲ್ಲಲಿಲ್ಲ. ಈಶ್ವರಿಯಮ್ಮ ಇದ್ದ ಸೀರೆಗಳನ್ನೆಲ್ಲ ಒತ್ತಿ ಹಿಡಿದು, ದೇವರನ್ನೆಲ್ಲ ಕರೆದು, ಕೊನೆಗೆ ಪೂವಕ್ಕನ ಕಾಲು ತಿಕ್ಕುತ್ತಾ ಕೂತಿದ್ದರು. ಆ ಕಾಲು ತಣ್ಣಗಾಗಿ ಹೋಗಿದ್ದರೂ ತಿಕ್ಕುವುದನ್ನು ಬಿಟ್ಟಿರಲಿಲ್ಲ. ಆಯಿಶಮ್ಮ ಪೂವಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಮೆಲ್ಲಗೆ ಮುಚ್ಚಿದರು.

"ಈಗಲೇ ಹೋದದ್ದು" ಎಂದರು ಈಶ್ವರಿಯಮ್ಮ. "ಈಗ, ಒಂದು ಹದಿನೈದು ನಿಮಿಷ. ಅವರು ಬೇಗ ಬರ್ತಾರೆ, ಬೇಗ ಬರ್ತಾರೆ ಅಂತ ಹೇಳ್ತಾ ಇದ್ದಳು."

ಕೂಸಪ್ಪ ಹೊಸ್ತಿಲಿನಲ್ಲಿ ನಿಂತೇ ಇದ್ದ. ಗಂಟೆ ನಾಲ್ಕು ಮುಕ್ಕಾಲು.

ಮೂರನೆಯ ದಿನ ಬೆಳಗಿನ ಬಸ್ಸಿನಲ್ಲಿ ಪೋಕರ್ ಬಂದ. ಕಂಕುಳಲ್ಲಿ ಪೇಪರು ಸುತ್ತಿದ ಒಂದು ಕಟ್ಟು. ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಸೈಕಲನ್ನು ಎತ್ತಿ ಗೋಡೆಗೆ ಒರಗಿಸಿ, ಕೂತು, ಕ್ಯಾರಿಯರ್ ಸಿಕ್ಕಿಸಿದ. ಕೂಸಪ್ಪ ಜಗಲಿಯಿಂದ ನೋಡುತ್ತಾ ಇದ್ದ. ನಾಲ್ಕು ನಟ್ಟು ಬಿಗಿಯಲು ನಾಲ್ಕು ನಿಮಿಷ ಹಿಡಿಯಿತು. ಪೋಕರ್ ಎದ್ದು, ಕ್ಯಾರಿಯರಿನ ಮೇಲೆ ಕೈಯೂರಿ ಗಟ್ಟಿ ಇದೆಯೇ ಎಂದು ನೋಡಿ, ಆಮೇಲೆ ಮುಖ ಆಚೆ ತಿರುಗಿಸಿ ಅತ್ತ.

"ಐದು ನಿಮಿಷ ಅನ್ನಬಾರದಿತ್ತು ಗೌಡ್ರೆ" ಎಂದ. "ಎರಡು ನಿಮಿಷ ಅನ್ನಬೇಕಿತ್ತು. ಎರಡು ನಿಮಿಷ ಅಂದಿದ್ರೆ ನಿಲ್ತಿದ್ರಿ."

ನಿಲ್ಲುತ್ತಿದ್ದೆನೇ ಇಲ್ಲವೇ ಎಂದು ಕೂಸಪ್ಪನಿಗೆ ಗೊತ್ತಿರಲಿಲ್ಲ. ಅವನು ಪೋಕರನ ಕೈ ಹಿಡಿದುಕೊಂಡ.

ಆಯಿಶಮ್ಮ ಹದಿನಾರು ದಿನ ಆ ಮನೆಯಲ್ಲೇ ನಿಂತರು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದರು, ದನದ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಕುಡಿಸಲು ಈಶ್ವರಿಯಮ್ಮನಿಗೆ ಕಲಿಸಿದರು. ಹದಿನೇಳನೆಯ ದಿನ ಗಂಟು ಕಟ್ಟಿದರು. ಬಸ್ಸು ಬರುವ ಅಂದಾಜಿರಲಿಲ್ಲ. ಕೂಸಪ್ಪ ಸೈಕಲ್ ತಂದು ನಿಲ್ಲಿಸಿದ. ಅವರು ಕ್ಯಾರಿಯರಿನಲ್ಲಿ ಒಂದು ಪಕ್ಕಕ್ಕೆ ಕೂತು ಸೀಟಿನ ಕೆಳಗಿನ ಸ್ಪ್ರಿಂಗನ್ನು ಹಿಡಿದುಕೊಂಡರು.

ಒಂದು ಮೈಲಿ ಹೋದರು. ಅವತ್ತು ಅವರು ಮಂಡಿ ಹಿಡಿದುಕೊಂಡು ಕೊನೆಯ ಸಲ ನಿಂತ ಮಾವಿನ ಮರ ಬಂದು ಹೋಯಿತು. ಕೂಸಪ್ಪನೇ ಮಾತು ತೆಗೆದ. ಹಿಂದೆ ಕೂತವರ ಮುಖ ಕಾಣುವುದಿಲ್ಲ, ಹಾಗಾಗಿ ಹೇಳಲು ಆಯಿತು.

"ಆ ದಿನ ಇದು ಇರ್ತಿದ್ರೆ ಅವಳು ಉಳೀತಿದ್ದಳಾ?"

ಆಯಿಶಮ್ಮ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಉಳೀತಿದ್ದಳು. ಹೊಟ್ಟೆ ತಿಕ್ಕಿ ಮಾಸು ತೆಗೀಲಿಕ್ಕೆ ನನಗೆ ಎಷ್ಟು ಹೊತ್ತು ಬೇಕು?" ಮತ್ತೆ ಹೇಳಿದರು, "ಇದು ಇಲ್ಲದಿದ್ರೂ ಉಳೀತಿದ್ದಳು ಮಗಾ. ಆ ಬಾರ್ ಇತ್ತಲ್ಲ. ನೀವು ಕೇಳ್ತೀರಿ, ಕೇಳ್ತೀರಿ ಅಂತ ದಾರಿಯುದ್ದ ನೋಡಿದೆ. ಕೇಳಿದ್ರೆ ಕೂರ್ತಿದ್ದೆ. ನನ್ನ ಮಗನ ಪ್ರಾಯ ನಿಮಗೆ. ಜೀವ ಹೋಗುವ ಹೊತ್ತಿನಲ್ಲಿ ಎಂತ ನಾಚಿಕೆ?"

ಕೂಸಪ್ಪನ ಕಾಲು ನಿಂತಿತು. ಮುಂದೆ ಇಳಿಜಾರು, ಸೈಕಲ್ ತಾನೇ ಹೋಗುತ್ತಿತ್ತು.

"ಮತ್ತೆ ನೀವೇ ಯಾಕೆ ಹೇಳ್ಲಿಲ್ಲ?"

"ಅದೇ ನಾನೂ ಕೇಳ್ತಾ ಇದ್ದೇನೆ, ಹದಿನಾರು ದಿನದಿಂದ" ಎಂದರು ಆಯಿಶಮ್ಮ. "ಗಂಡಸು ಹೇಳಲಿ ಅಂತ ಕಾದೆ. ಹೆಂಗಸು ಬಾಯಿಬಿಟ್ಟು ಹಾಗೆ ಹೇಳುದು ಹೇಗೆ ಅಂತ ಕಾದೆ."

ಅವರು ಹಿಂದೆ ಕೂತು ಅಳುವುದು ಸೀಟಿನ ಸ್ಪ್ರಿಂಗಿನಲ್ಲಿ ಅವನಿಗೆ ಗೊತ್ತಾಗುತ್ತಿತ್ತು. ಕೂಸಪ್ಪ ತುಳಿದ. ಏರು ಬಂದಾಗಲೂ ಇಳಿಯಲಿಲ್ಲ. ಅವರ ಅಂಗಳಕ್ಕೆ ಬಂದು ಜೋಪಾನವಾಗಿ ಇಳಿಸಿದ. ಅವರು ವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡು, ಮಗುವಿಗೆ ನೆಗಡಿ ಆಗದಂತೆ ನೋಡಿಕೊಳ್ಳಿ ಎಂದು ಹೇಳಿ ಒಳಗೆ ಹೋದರು.

ಕೂಸಪ್ಪ ಗಡಿಯಾರ ನೋಡಿದ. ನೋಡಬಾರದಿತ್ತು, ಆದರೆ ಹಾಳು ಅಭ್ಯಾಸ. ಇಬ್ಬರ ಭಾರ ಹೊತ್ತ ಸೈಕಲಿಗೆ ಮೂರೂವರೆ ಮೈಲಿಗೆ ಇಪ್ಪತ್ತೇಳು ನಿಮಿಷ ಹಿಡಿದಿತ್ತು. ಅವತ್ತು ನಡೆದು ಹೋಗಲು ಒಂದು ಗಂಟೆ ಇಪ್ಪತ್ತು ಬೇಕಾಗಿತ್ತು. ಅವನು ಕಳೆದು ನೋಡಿದ, ಐವತ್ತಮೂರು ನಿಮಿಷ ಉಳಿಯಿತು. ಪೂವಕ್ಕನಿಗೆ ಬೇಕಾಗಿದ್ದದ್ದು ಅದರಲ್ಲಿ ಅರ್ಧ ಮಾತ್ರ.